ತಿದ್ದಿ ಕಳಿಸಿದ ಅರ್ಜಿ

ಟಿಳಕವಾಡಿ, ಬೆಳಗಾವಿ
೧೪ ಸೆಪ್ಟೆಂಬರ್ ೨೦೨೪

ಮಗಳೇ ಸೃಷ್ಟಿ,

ಅಪ್ಪನ ಆಶೀರ್ವಾದ. ನೀನು ನಾಲ್ಕು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ, ಸಿಟ್ಟಾಗಬೇಡ. ಬಾಯಿಂದ ಹೇಳಲು ಆಗದ್ದಕ್ಕೇ ಈ ಪತ್ರ. ನಿನ್ನ ಅವ್ವನ ಮಂಡಿನೋವು ಇಳಿದಿದೆ. ಖಾಸಬಾಗದ ಸಂತೆಗೆ ತಾನೇ ಹೋಗಿ ಬರುತ್ತಾಳೆ.

ನಿವೃತ್ತಿಯ ನಂತರ ನಾನು ಟ್ರಸ್ಟೊಂದರಲ್ಲಿ ಅರ್ಜಿ ನೋಡುವ ಕೆಲಸ ಹಿಡಿದದ್ದು ನಿನಗೆ ಗೊತ್ತು. ಹಳ್ಳಿಯವರು ಸಣ್ಣಪುಟ್ಟ ಕಾಮಗಾರಿಗೆ ನೆರವು ಕೇಳುತ್ತಾರೆ. ಯಾವುದನ್ನು ಸಭೆಯ ಮುಂದಿಡಬೇಕು ಎಂಬುದು ನನ್ನ ಕೈಯಲ್ಲಿತ್ತು. ಮೂವತ್ತನಾಲ್ಕು ವರ್ಷ ಕನ್ನಡ ಕಲಿಸಿದ ಕೈ ನೋಡು, ಕೆಂಪು ಪೆನ್ನು ಬಿಡಲಿಲ್ಲ. ಪುಟಕ್ಕೆ ಹತ್ತು ತಪ್ಪು ಕಂಡರೆ ಅರ್ಜಿ ವಾಪಸ್. ಅಕ್ಷರ ನೆಟ್ಟಗೆ ಬರೆಯದವರು ಕೆಲಸ ನೆಟ್ಟಗೆ ಮಾಡುತ್ತಾರೆಯೇ ಎಂದು ಜಂಬ ಕೊಚ್ಚುತ್ತಿದ್ದೆ. ಕಾರ್ಯದರ್ಶಿ ದಿಗಂಬರ ಒಮ್ಮೆ ಅಂದ: "ಸರ, ಖಾನಾಪುರ ಕಡಿ ಮಂದಿ ಮರಾಠಿ ಸಾಲಿ ಕಲ್ತವ್ರು. ನಮ್ಮ ಸಲುವಾಗಿ ಕನ್ನಡದಾಗ ಬರದಾರ್ರೀ. ಸ್ವಲ್ಪ ಸಂಭಾಳಿಸ್ರಿ."

"ಕನ್ನಡ ಏನ್ ಬಿಟ್ಟಿ ಬಿದ್ದೈತೇನೋ?" ಎಂದು ಗದರಿದೆ.

ಫೆಬ್ರುವರಿಯಲ್ಲಿ ಖಾನಾಪುರದ ಕಾಡಂಚಿನ ಊರೊಂದರಿಂದ ಅರ್ಜಿ ಬಂತು. ಬರೆದವಳು ಅಲ್ಲಿಯ ಆಶಾ ಕಾರ್ಯಕರ್ತೆ ಮಾಯಕ್ಕ. ಹಳ್ಳಕ್ಕೊಂದು ಕಾಲುಸೇತುವೆ ಬೇಕು, ಮಳೆಗಾಲದಲ್ಲಿ ದಾಟಲಾಗುವುದಿಲ್ಲ ಎಂದು. ಎರಡು ಪುಟಕ್ಕೆ ಐವತ್ತಮೂರು ತಪ್ಪು! ಎಲ್ಲವನ್ನೂ ತಿದ್ದಿ, 'ಶುದ್ಧವಾಗಿ ಬರೆದು ಕಳಿಸಿ' ಎಂದು ಮೇಲೆ ಗೀಚಿ ಹಿಂದಿರುಗಿಸಿದೆ. ಅದೇ ವಾರ ಅರ್ಜಿ ಕಳಿಸಿದ್ದ ಇನ್ನೊಂದು ಊರಿನ ಸೇತುವೆ ಮೇ ಕೊನೆಗೆ ಮುಗಿದಿತ್ತು.

ಮಾಯಕ್ಕ ನಾಲ್ಕು ಸಲ ನಕಲು ಮಾಡಿದಳಂತೆ, ಒಂದು ಕಾಟು ಬಿದ್ದರೂ ಹರಿದು ಹಾಕಿ. ಅಷ್ಟರಲ್ಲಿ ಶಾಲೆಗೆ ರಜೆ ಬಿತ್ತು. ಮತ್ತೆ ತಪ್ಪಾದೀತೆಂಬ ಹೆದರಿಕೆಗೆ, ಕನ್ನಡ ಮಾಸ್ತರರಿಗೆ ತೋರಿಸಲು ಬೇಸಿಗೆ ರಜೆ ಮುಗಿಯುವವರೆಗೆ ಕಾದಳಂತೆ. ಶುದ್ಧ ಪ್ರತಿ ಜೂನ್ ಮಧ್ಯದಲ್ಲಿ ಬಂತು. ಖುಷಿಯಿಂದ 'ಉತ್ತಮ' ಎಂದು ಬರೆದೆ. ಅಷ್ಟೊತ್ತಿಗೆ ಹಳ್ಳ ತುಂಬಿತ್ತು.

ಆಗಸ್ಟಿನಲ್ಲಿ ಅಲ್ಲಿಯ ಸಾನಿಕಾ ಎಂಬ ಹುಡುಗಿಗೆ ಹೆರಿಗೆ ಬ್ಯಾನಿ ಎದ್ದವು. ಇಪ್ಪತ್ತೆರಡು ವರ್ಷದವಳು. ಬಡಿಗೆಗೆ ಕಂಬಳಿ ಕಟ್ಟಿ ಹೊತ್ತು ತಂದರು. ನೀರು ಇಳಿದೀತೆಂದು ಇಡೀ ದಿನ ದಂಡೆಯಲ್ಲಿ ಕಾದರು. ತಾಯಿ, ಕೂಸು ಇಬ್ಬರೂ ಅಲ್ಲೇ ಹೋದರು.

ಹೋದ ವಾರ ದಿಗಂಬರನ ಜೊತೆ ಆ ಊರಿಗೆ ಹೋಗಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಮಾಯಕ್ಕ ಚಹಾ ಕೊಟ್ಟು, "ಎರಡನೇ ಸಲ ಬರದದ್ರಾಗ ತಪ್ಪು ಇರ್ಲಿಲ್ಲಲ್ರಿ ಸರ?" ಎಂದು ಕೇಳಿದಳು. ಇರಲಿಲ್ಲವ್ವ, ಒಂದೂ ಇರಲಿಲ್ಲ ಎಂದೆ.

ನಿನ್ನೆ ಸಭೆಯಲ್ಲಿ ಕೆಲಸ ಬಿಟ್ಟೆ. ನಿಮ್ಮದೇನೂ ತಪ್ಪಿಲ್ಲ ಎಂದು ಶಾಲು ಹೊದಿಸಿ ಕಳಿಸಿದರು. ನಾನೂ ಹೊದ್ದುಕೊಂಡು ಬಂದೆ.

ನೀನು ಮೈ ನೋಡಿಕೊ. ಅಳಿಯಂದಿರಿಗೆ ನಮಸ್ಕಾರ ತಿಳಿಸು. ಬಸವಣ್ಣ ನಿನ್ನನ್ನು ತಂಪಾಗಿಟ್ಟಿರಲಿ.

ನಿನ್ನ ಅಪ್ಪ,
ಕಲ್ಲಯ್ಯ

ತಾ.ಕ.: ಶಾಲು ಹೊದಿಸುವ ಮೊದಲು ಅಧ್ಯಕ್ಷರು, ಅರ್ಜಿ ಓದಿದ್ದಿರಲ್ಲವೇ ಎಂದು ಕೇಳಿದರು. ಪೂರ್ತಿ ಓದಿದ್ದೆ, ತುರ್ತು ಎಂದೇನೂ ಬರೆದಿರಲಿಲ್ಲ ಎಂದೆ. ಆದರೆ ನಾನು ತಿದ್ದಿದ ಆ ಹಾಳೆಗಳನ್ನು ಮಾಯಕ್ಕ ಹೋದ ವಾರವೇ ನನ್ನ ಕೈಗಿತ್ತಿದ್ದಳು. ಎರಡನೇ ಪುಟದಲ್ಲಿದೆ: ಸಾನಿಕಾಗೆ ಆಗಸ್ಟಿನಲ್ಲಿ ಹೆರಿಗೆ, ಮೊದಲ ಕೂಸನ್ನು ಇದೇ ಹಳ್ಳದ ದಂಡೆಯಲ್ಲಿ ಕಳೆದುಕೊಂಡಿದ್ದಾಳೆ, ಮಳೆಗೆ ಮೊದಲೇ ಸೇತುವೆ ಮಾಡಿಕೊಡಿ. ಆ ಸಾಲಿನಲ್ಲಿ ನಾನು ಮೂರು ತಪ್ಪು ತಿದ್ದಿದ್ದೇನೆ, ಸೃಷ್ಟಿ. ಸಾಲನ್ನು ಓದಿರಲಿಲ್ಲ.