ಅಪ್ಪನ ಬಸ್ಸು, ನಿನ್ನ ಎರಡು ಕೋರ್

ಮನೆಯಿಂದ
ಹನ್ನೆರಡನೇ ತಾರೀಕು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಹಡಗಿನ ಎಂಜಿನ್ ಕೋಣೆಯ ಸೆಕೆಗೆ ಬೆನ್ನಿನ ಮೇಲೆ ಎದ್ದಿದ್ದ ಗುಳ್ಳೆಗಳು ಕಡಿಮೆಯಾದವೇ? ನಾನು ಕೊಟ್ಟ ಮುಲಾಮು ಹಚ್ಚುತ್ತಿದ್ದೀಯೋ, ಪೆಟ್ಟಿಗೆಯಲ್ಲೇ ಒಣಗಿಸುತ್ತಿದ್ದೀಯೋ, ನಿನ್ನನ್ನು ನಂಬುವ ಹಾಗಿಲ್ಲ. ನಾನು ಚೆನ್ನಾಗಿದ್ದೇನೆ. ಅಪ್ಪನೂ ಚೆನ್ನಾಗಿದ್ದಾರೆ, ನನ್ನ ಪ್ರಾಣ ಹಿಂಡುವಷ್ಟು ಚೆನ್ನಾಗಿದ್ದಾರೆ. ಇದನ್ನೆಲ್ಲ ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಕರೆ ಬಂದಾಗಲೆಲ್ಲ ಪಕ್ಕದಲ್ಲೇ ಕುಳಿತು, ಏನೂ ಕೇಳಿಸುತ್ತಿಲ್ಲವೆಂಬಂತೆ ಗೋಡೆ ನೋಡುತ್ತಾರೆ. ಅದಕ್ಕೇ ಗಿರಾಕಿಗಳ ಬಟ್ಟೆ ಅತ್ತ ಸರಿಸಿ, ಹೊಲಿಗೆ ಯಂತ್ರದ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಪಾರ್ಶ್ವವಾಯು ಬಡಿದ ಮೇಲೆ ಕೈಕಾಲು ಸರಿಹೋಯಿತು, ಆದರೆ ಎಡಗಡೆಯ ನೋಟ ಹೋಗಿದೆ ಎಂದು ಡಾಕ್ಟರ್ ಹೇಳಿದ್ದು, ಅಪ್ಪ ಗೋಡೆಯ ಮೇಲಿನ ಕೊನೇ ಸಾಲಿನ ಅಕ್ಷರವನ್ನೂ ಓದಿ ತೋರಿಸಿ ಡಾಕ್ಟರನ್ನೇ ಸುಳ್ಳುಗಾರನನ್ನಾಗಿ ಮಾಡಿದ್ದು, ಕೊನೆಗೆ ನೀನೇ ಲೈಸೆನ್ಸ್ ಕಚೇರಿಗೆ ಪತ್ರ ಕೊಟ್ಟು ಅವರ ಲೈಸೆನ್ಸ್ ರದ್ದು ಮಾಡಿಸಿದ್ದು, ಯಾವುದೂ ನಿನಗೆ ಹೊಸದಲ್ಲ. ನೀನು ಹಡಗು ಹತ್ತಿ ಹೋದೆ. ಮೂವತ್ತು ವರ್ಷ ಬಸ್ ಓಡಿಸಿದ ಮನುಷ್ಯನನ್ನು ಎಂಟು ತಿಂಗಳಿಂದ ಕುರ್ಚಿಯಲ್ಲಿ ಕೂರಿಸಿಕೊಂಡಿರುವವಳು ನಾನು. ನಿನ್ನ ಮಾತೆತ್ತಿದರೆ ತಟ್ಟೆ ಸರಿಸಿ ಎದ್ದುಬಿಡುತ್ತಾರೆ.

ಹೋದ ತಿಂಗಳು ಎಲ್ಲಿಂದಲೋ ಒಂದು ಹಳೆಯ ಕಂಪ್ಯೂಟರ್ ಆಟ ತಂದರು. ಬಸ್ ಓಡಿಸುವ ಆಟ. ಡಬ್ಬಿಯ ಮೇಲೆ, ಒಂದೇ ಕೋರ್‌ನ ಮೂರು ಗಿಗಾಹರ್ಟ್ಸ್ ಪ್ರೊಸೆಸರ್ ಬೇಕು ಎಂದಿದೆ. ಕೋರ್ ಎಂದರೆ ಕಂಪ್ಯೂಟರಿನ ಮಿದುಳು, ಗಿಗಾಹರ್ಟ್ಸ್ ಎಂದರೆ ಅದರ ವೇಗವಂತೆ. ನೀನು ಬಿಟ್ಟುಹೋದ ಕಂಪ್ಯೂಟರಿನಲ್ಲಿ ಎರಡು ಕೋರ್, ಒಂದೊಂದಕ್ಕೆ ಒಂದು ಪಾಯಿಂಟ್ ಎಂಟು. ಅಪ್ಪ ಬೆರಳು ಮಡಚಿ ಕೂಡಿದರು. ಎರಡೂ ಸೇರಿ ಮೂರೂವರೆ ದಾಟಿತು, ಬೇಕಾದದ್ದಕ್ಕಿಂತ ಹೆಚ್ಚೇ ಇದೆಯಲ್ಲ ಎಂದರು. ಹಾಗೆ ಕೂಡುವ ಹಾಗಿಲ್ಲವಂತೆ, ಹಳೆಯ ಆಟ ಒಂದೇ ಕೋರ್ ಮೇಲೆ ಓಡುತ್ತದಂತೆ ಎಂದು ನಾನು ಹೇಳಿದರೆ ಕೇಳಬೇಕಲ್ಲ. ಎರಡು ದಿನ ಅದೇ ರಗಳೆ. ತಲೆ ಕೆಟ್ಟು, ದೂರದ ಬಸ್ಸಿನಲ್ಲಿ ನೀವು ಇಬ್ಬರು ಡ್ರೈವರ್ ಇರುತ್ತಿದ್ದಿರಲ್ಲ, ಬಸ್ ಎರಡು ಪಟ್ಟು ಜೋರಾಗಿ ಓಡುತ್ತಿತ್ತೇ ಎಂದು ಕೇಳಿದೆ. ಮಡಚಿದ ಬೆರಳು ಬಿಚ್ಚಿ ಎದ್ದು ಹೋದರು. ಗೆದ್ದೆ ಅಂದುಕೊಂಡೆ.

ಪಕ್ಕದ ಬೀದಿಯ ಕಂಪ್ಯೂಟರ್ ರಿಪೇರಿ ಅಕ್ಕ ಬಂದು ಇಬ್ಬರನ್ನೂ ಸೋಲಿಸಿದಳು. ಕೂಡುವುದು ತಪ್ಪು, ಆದರೆ ಆಟ ಓಡುತ್ತದೆ ಎಂದಳು. ಡಬ್ಬಿಯ ಮೇಲಿರುವ ಮೂರು ಆ ಕಾಲದ ಚಿಪ್ಪಿನ ಲೆಕ್ಕವಂತೆ. ಇದು ಅದಕ್ಕಿಂತ ಈಚಿನದು, ಒಂದೊಂದು ಹೆಜ್ಜೆಯಲ್ಲೂ ಹೆಚ್ಚು ಕೆಲಸ ಮುಗಿಸುತ್ತದಂತೆ. ಒಂದು ಕೋರ್ ಸಾಕು, ಇನ್ನೊಂದು ಹೆಚ್ಚುಕಡಿಮೆ ಸುಮ್ಮನೆ ಕೂತಿರುತ್ತದೆ ಎಂದಳು. ಅವಳು ಆ ಕೊನೆಯ ಮಾತೊಂದನ್ನು ಆಡದೆ ಹೋಗಿದ್ದರೆ ನನಗೆ ಎಷ್ಟೋ ನೆಮ್ಮದಿ ಇರುತ್ತಿತ್ತು.

ಅಪ್ಪ ಓಡಿಸಲು ಕುಳಿತರು. ಮೊದಲನೇ ತಿರುವಿನಲ್ಲೇ ದೀಪದ ಕಂಬಕ್ಕೆ ಗುದ್ದಿದರು. ಆಮೇಲೆ ನಿಂತಿದ್ದ ಲಾರಿಗೆ, ಆಮೇಲೆ ಬಸ್ ನಿಲ್ದಾಣಕ್ಕೇ. ಎಲ್ಲವೂ ಎಡಕ್ಕೆ. ಸುಮ್ಮನೆ ಕೂತಿರುವ ಕೋರ್ ಎಡಗಡೆಯದು, ಅದಕ್ಕೇ ಆ ಕಡೆಯ ಚಿತ್ರ ತಡವಾಗಿ ಬರುತ್ತಿದೆ ಎಂದು ತೀರ್ಪು ಕೊಟ್ಟರು. ರಿಪೇರಿ ಅಕ್ಕನನ್ನು ಎರಡು ಸಲ ಕರೆಸಿದರು. ಎರಡು ಸಲವೂ ಅವಳು ಕಂಪ್ಯೂಟರ್ ಬಿಚ್ಚಿ, ಎಲ್ಲ ಸರಿಯಿದೆ ಎಂದು ತೋರಿಸಿ ಹೋದಳು. ಮೂರನೇ ಸಲ ಕರೆದಾಗ ನನ್ನ ಮುಖ ನೋಡಿ ಕೈಮುಗಿದಳು.

ಶನಿವಾರ ಅಪ್ಪನ ಹಟಕ್ಕೆ ನಾನೇ ಕುಳಿತೆ. ಯಂತ್ರ ಕೆಟ್ಟಿರುವುದನ್ನು ನನ್ನ ಕೈಯಲ್ಲಿ ಸಾಬೀತು ಮಾಡಿಸಬೇಕಿತ್ತು ಅವರಿಗೆ. ಸೈಕಲ್ ಬಿಟ್ಟರೆ ಏನೂ ಓಡಿಸದ ನಾನು ಆಮೆಯ ಹಾಗೆ ಒಂದು ಸುತ್ತು ಹೋಗಿ ಬಂದೆ. ಎಲ್ಲೂ ತಾಗಲಿಲ್ಲ. ಅಪ್ಪ ಕುರ್ಚಿಯ ಹಿಂದೆ ನಿಂತಿದ್ದರು.

“ಆ ಕಂಬ ಯಾವಾಗ ಬಂತು?” ಎಂದರು.

“ಮೊದಲಿಂದ್ಲೂ ಇತ್ತಲ್ಲಪ್ಪ.”

ಅವರು ಕುತ್ತಿಗೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿ ಪರದೆ ನೋಡಿದರು. ಮತ್ತೆ ನೇರ ನೋಡಿದರು. ಮತ್ತೆ ತಿರುಗಿಸಿದರು. ಆಮೇಲೆ ತಾವೇ ಕಂಪ್ಯೂಟರ್ ಆರಿಸಿ ಹೊರಗೆ ಹೋಗಿ ಕುಳಿತರು. ಮೂರು ದಿನವಾಯಿತು, ರಗಳೆಯಿಲ್ಲ, ಕೂಗಾಟವಿಲ್ಲ. ಇಷ್ಟು ದಿನ ಬಾಯಿ ಮುಚ್ಚಿದರೆ ಸಾಕು ಅಂದುಕೊಂಡಿದ್ದವಳಿಗೆ ಈಗ ಈ ಮೌನವನ್ನೂ ಸಹಿಸಲಾಗುತ್ತಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು, ಮುಲಾಮು ಹಚ್ಚು. ನಿನ್ನ ಮೇಲೂ ನನಗೆ ಸಿಟ್ಟಿದೆ, ಆದರೆ ಅದನ್ನು ನೀನು ಬಂದ ಮೇಲೆ ತೀರಿಸಿಕೊಳ್ಳುತ್ತೇನೆ.

ಇಂತಿ,
ಇಬ್ಬರ ನಡುವೆ ಸಿಕ್ಕಿಕೊಂಡ ನಿನ್ನ ತಂಗಿ

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಅಪ್ಪ ಬಂದು ಕಾಗದ ಯಾರಿಗೆ ಎಂದು ಕೇಳಿದರು. ನಿನಗೆ ಎಂದೆ. ಬಾಗಿಲು ಹಿಡಿದುಕೊಂಡೇ, “ಎಡಗಡೆ ನನಗೆ ಕಾಣಲ್ಲ ಅಂತ ಬರಿ. ನಾನೇ ಹೇಳ್ದೆ ಅಂತ ಬರಿ” ಎಂದರು. ಬರೆದಿದ್ದೇನೆ. ಕಾಗದ ಸಿಕ್ಕಿದ ದಿನವೇ ಫೋನ್ ಮಾಡು ಅಣ್ಣಾ, ಈ ಸಲ ಅವರೇ ಎತ್ತುತ್ತಾರಂತೆ.