ಎರಡನೇ ಬಿಸ್ಕತ್ತು

ಬ್ರಸೆಲ್ಸ್, ಮಂಗಳವಾರ

ತಮ್ಮ ವೀಬೆಗೆ,

ಪತ್ರ ಬರೆಯುವುದೆಂದರೆ ನನಗೆ ಮೈ ಉರಿಯುತ್ತದೆ. ಇಲ್ಲಿನ ವ್ಯಾಪಾರ ಸಭೆಯವರು ಅಂಚೆಚೀಟಿ ಅಂಟಿಸಿದ ಕಾರ್ಡನ್ನು ಪುಕ್ಕಟೆ ಕೊಟ್ಟರು, ಬಿಸಾಡಲು ಮನಸ್ಸು ಬರಲಿಲ್ಲ. ಅದಕ್ಕೇ ಈ ಕರ್ಮ.

ಇನ್ನು ಪೂರ್ವದ ದೇಶಗಳ ವ್ಯಾಪಾರಿಗಳನ್ನು ನಂಬಿ ಕೂರುವುದು ಬೇಡ, ಒಬ್ಬರ ಸರಕನ್ನು ಇನ್ನೊಬ್ಬರು ಕೊಳ್ಳೋಣ ಎಂದು ಬೆಳಿಗ್ಗೆ ಎಲ್ಲ ದೇಶದವರೂ ಎದ್ದು ನಿಂತು ಪ್ರಮಾಣ ಮಾಡಿದರು. ಮಧ್ಯಾಹ್ನ ಎಲ್ಲರ ಚೀಸನ್ನೂ ಮೇಜಿಗೆ ತಂದಿಟ್ಟರು. ಒಬ್ಬರಾದರೂ ಪಕ್ಕದವರದನ್ನು ಬಾಯಿಗಿಡಬೇಕಲ್ಲ! ಫ್ರಾನ್ಸಿನ ಮುದುಕನೊಬ್ಬ ನಮ್ಮದನ್ನು ಬೆರಳಲ್ಲಿ ಒತ್ತಿ ನೋಡಿ, "ಅಕ್ಕಾವ್ರೇ, ಇದನ್ನ ಬಾಗಿಲಿಗೆ ಅಡ್ಡ ಇಟ್ರೆ ಗಾಳಿಗೆ ಹೊಡ್ಕೊಳ್ಳಲ್ಲ ನೋಡಿ," ಎಂದ.

"ನಿಮ್ದು ಇಟ್ರೆ ಕಳ್ಳನೂ ಮೂಗು ಮುಚ್ಕೊಂಡು ಓಡ್ತಾನೆ ಬಿಡಿ," ಎಂದೆ.

ಪ್ರಮಾಣದ ಆಯಸ್ಸು ಅಷ್ಟೇ. ನಮ್ಮ ಉಗ್ರಾಣದ ಚೀಸನ್ನು ಇವರಾರೂ ಕೊಳ್ಳುವುದಿಲ್ಲ. ಅದು ಹೋಗದಿದ್ದರೆ ಹಸುಗಳನ್ನೇ ಮಾರಬೇಕು. ಹೋದ ವಾರ ಶಾಂಘೈ ವ್ಯಾಪಾರಿ ಚೀಸ್ ಕೊಳ್ಳಲು ಮನೆಬಾಗಿಲಿಗೇ ಬಂದಿದ್ದ. ನೀನು ನಮ್ಮ ಪದ್ಧತಿಯಂತೆ ಕಾಫಿಗೆ ಒಂದೇ ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚಿದೆ, ಅವನು ಮುಖ ಊದಿಸಿಕೊಂಡು ಹೋದ. ಅವನನ್ನು ಮತ್ತೆ ಕರೆ. ಡಬ್ಬಿ ತೆರೆದೇ ಇರಲಿ.

ನನ್ನ ಮಂಡಿನೋವು ಹಾಗೇ ಇದೆ. ಅವನು ಎಷ್ಟು ತಿಂದ, ಎಷ್ಟು ಕೊಂಡ, ಹನ್ನೆರಡನೇ ತಾರೀಖಿನೊಳಗೆ ಉತ್ತರ ಬರಬೇಕು.

ಅಕ್ಕ ಹಿಸ್ಕೆ