ಮೂರನೇ ತೊಟ್ಟಿಯ ತೂಕ

ಮಾರ್ಚ್ 3, ಬೆಳಿಗ್ಗೆ 6.40

ಒಂದನೇ ತೊಟ್ಟಿಯ ಮೀನು ತೂಗಿದ್ದಾಯಿತು. ಎರಡನೆಯದೂ. ಇಳಿದಿದೆ. ಇಳಿಯದೆ ಇನ್ನೇನು, ಆರು ದಿನದ ಉಪವಾಸ!

ಹೊಂಡದ ಮೀನಿಗೆ ಕೆಸರಿನ ವಾಸನೆ ಎಂದು ವ್ಯಾಪಾರಿಗಳು ಲೋಡುಗಟ್ಟಲೆ ವಾಪಸು ಕಳಿಸುತ್ತಿದ್ದಾರೆ. ಹಿಡಿದ ಮೀನನ್ನು ಆರು ದಿನ ಮೇವಿಲ್ಲದೆ ಹರಿಯುವ ಶುದ್ಧ ನೀರಿನಲ್ಲಿಟ್ಟರೆ ವಾಸನೆ ಹೋಗುತ್ತದೆ. ಜೊತೆಗೆ ತೂಕವೂ ಹೋಗುತ್ತದೆ. ಮೀನು ಸಾಕಣೆದಾರರ ಸಂಘದ ಅಧ್ಯಕ್ಷೆ, ನಾವೆಲ್ಲ ಅಕ್ಕ ಎನ್ನುವವರು, ಹೋದ ತಿಂಗಳೇ ಹೇಳಿಬಿಟ್ಟರು: "ನಾವ್ ಮಾರೋದು ತೂಕ ಕಣಮ್ಮ. ಸೊರಗಿಸಿ ಮಾರಿ ಅಂದ್ರೆ ಯಾರ್ ಕೇಳ್ತಾರೆ?"

24ಕ್ಕೆ ಸಂಘದ ಸಭೆ. ಎಲ್ಲರಿಗೂ ಸೇರಿ ಒಂದು ಶುದ್ಧ ನೀರಿನ ತೊಟ್ಟಿ ಕಟ್ಟಬೇಕೋ ಬೇಡವೋ — ಅಂದು ಕೈ ಎತ್ತಿಸುತ್ತಾರೆ. ಬೇಡ ಅಂದರೆ ನಮ್ಮ ಮೀನು ಸಂಶೋಧನಾ ಕೇಂದ್ರದ ನಾಲ್ಕು ವರ್ಷದ ಕೆಲಸ ಫೈಲಿನಲ್ಲೇ ನಿದ್ದೆ.

ಮೂರನೆಯದು ಬಾಕಿ. ಬಂದೆ.

7.25

ಇಳಿದಿಲ್ಲ! ತಕ್ಕಡಿ ಕೆಟ್ಟಿದೆ ಅಂದುಕೊಂಡು ನನ್ನ ಊಟದ ಡಬ್ಬಿ ತೂಗಿದೆ. ಸರಿಯಾಗಿಯೇ ಇದೆ. ಮತ್ತೆ ಎಲ್ಲಾ ಮೀನು ತೂಗಿದೆ. ಒಂದು ಗ್ರಾಮೂ ಇಳಿದಿಲ್ಲ.

ಸಂಜೆ 5

ರುಚಿ ಪರೀಕ್ಷೆ. ಉಪ್ಪು ಖಾರ ಏನೂ ಇಲ್ಲದೆ ಹಬೆಯಲ್ಲಿ ಬೇಯಿಸಿದ ಮೀನು, ತಟ್ಟೆಯ ಮೇಲೆ ಬರೀ ನಂಬರು. ತಿನ್ನಲು ಕೂತ ಆರು ಜನರ ಮುಖ ನೋಡುವಂತಿತ್ತು. ಅವರಲ್ಲೊಬ್ಬನಾದ ನಮ್ಮ ಡ್ರೈವರನ ನಾಲಿಗೆಯೇ ಕೇಂದ್ರದ ಅತಿ ದುಬಾರಿ ಉಪಕರಣ ಎಂದು ಸಾಹೇಬರು ಹೇಳುತ್ತಿರುತ್ತಾರೆ. ಆ ನಾಲಿಗೆಗೂ ಮೂರನೇ ತೊಟ್ಟಿಯ ಮೀನಿನಲ್ಲಿ ಕೆಸರು ಸಿಗಲಿಲ್ಲ.

ತೂಕವೂ ಉಳಿಯಿತು, ರುಚಿಯೂ ಬಂತು. ಹೇಗೆ? ಗೊತ್ತಿಲ್ಲ. ನನ್ನ ಬಾಯಲ್ಲಿ ಮಾತು ನಿಲ್ಲುವುದುಂಟೇ... ಅಕ್ಕನಿಗೆ ಫೋನ್ ಮಾಡಿ ಹೇಳಿಯೇಬಿಟ್ಟೆ.

ಮಾರ್ಚ್ 4

ಮೂರನೇ ತೊಟ್ಟಿಯ ಮೀನು ಕೊಯ್ದು ಕರುಳು ನೋಡಿದೆ. ಒಳಗೆ ಮೇವು. ನಮ್ಮದೇ ಗೋದಾಮಿನ ಮೇವು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದೆ.

ಮಾರ್ಚ್ 5

ತೊಟ್ಟಿ ಮಾಮ. ಬೇರೆ ಯಾರು! ಇಪ್ಪತ್ತಾರು ವರ್ಷದಿಂದ ಇಲ್ಲಿನ ಮೀನಿಗೆ ಮೇವು ಹಾಕುತ್ತಿರುವವರು. ಮಧ್ಯಾಹ್ನದ ಊಟಕ್ಕೆ ಕೂರುವುದು ಮೂರನೇ ತೊಟ್ಟಿಯ ಕಟ್ಟೆಯ ಮೇಲೆ. ಕೇಳಿದೆ. ಮುಚ್ಚಿಡಲಿಲ್ಲ.

"ನನ್ನ ನೆರಳು ಬಿದ್ರೆ ಸಾಕು, ಬಾಯಿ ತಕ್ಕೊಂಡು ಮೇಲ್ ಬರ್ತಾವಮ್ಮ. ನಾನೊಬ್ನೇ ಹೇಗ್ ಉಣ್ಣಲಿ?"

ಪಿತ್ತ ನೆತ್ತಿಗೇರಿತು. ಏನೇನೋ ಅಂದೆ. ನಿಮ್ಮಿಂದ ಕೆಲಸವೆಲ್ಲಾ ನೀರಲ್ಲಿ ಹೋಮ ಅಂದೆ. ತಲೆ ತಗ್ಗಿಸಿ ಬುತ್ತಿ ಕಟ್ಟಿಕೊಂಡು ಎದ್ದುಹೋದರು.

ಮಾರ್ಚ್ 9, ಬೆಳಿಗ್ಗೆ 5.10

ಹಲ್ಲುಜ್ಜುತ್ತಾ ನಿಂತವಳಿಗೆ ಹೊಳೆಯಿತು. ನಾನೆಂಥ ಪೆದ್ದಿ!

ಮೀನು ಮೇವು ತಿಂದಿದೆ. ಆದರೂ ವಾಸನೆ ಹೋಗಿದೆ. ಅಂದರೆ ಅದಕ್ಕೆ ಉಪವಾಸ ಬೇಕಿರಲಿಲ್ಲ, ಹರಿಯುವ ನೀರೇ ಸಾಕಾಗಿತ್ತು! ನೀರು ಕೆಡದಷ್ಟು, ಸ್ವಲ್ಪವೇ ಮೇವು ಹಾಕಿದರೆ... ಮಾಮ ಹಾಕಿದ್ದೂ ಅಷ್ಟೇ ಇರಬೇಕು.

ಬಾಯ್ತುಂಬ ನೊರೆ ಇಟ್ಟುಕೊಂಡು ಕೂಗಿದೆ. ಅಮ್ಮ ಒಳಗಿನಿಂದ ಓಡಿಬಂದು, ಹಾವು ಕಂಡಿತೇನೇ ಅಂದಳು.

ರಾತ್ರಿ 8

ಮೊದಲು ಮಾಮನ ಹತ್ತಿರ ಹೋಗಿ ತಪ್ಪಾಯಿತು ಅಂದೆ. ಎಷ್ಟು ಹಾಕುತ್ತಿದ್ದಿರಿ ಅಂದರೆ "ಒಂದ್ ಹಿಡಿ". ಹಿಡಿ ಎಂದರೆ ಎಷ್ಟು? ಇಪ್ಪತ್ತು ಸಲ ಹಿಡಿಸಿ ತೂಗಿದೆ. ಮೂರು ಗ್ರಾಮಿಗಿಂತ ಹೆಚ್ಚು ಆಚೀಚೆ ಆಗಲಿಲ್ಲ! ನನ್ನ ಕೈಯಲ್ಲಿ ಹತ್ತು ಹಿಡಿ ತೂಗಿದರೆ ಹತ್ತು ಥರ.

ಆಮೇಲೆ ಅಕ್ಕನ ಮನೆಗೇ ಹೋಗಿ ಎಲ್ಲಾ ಒಪ್ಪಿಕೊಂಡೆ. ನಕ್ಕರು, ಆದರೆ ಕರಗಲಿಲ್ಲ. ಒಂದು ಸಲ ಆದದ್ದನ್ನು ನಂಬಿ ಸಂಘದವರನ್ನು ಕೇಳಲಾರೆ, ಮತ್ತೆ ಮಾಡಿ ತೋರಿಸು, ನಾನೇ ಬಂದು ತಿನ್ನುತ್ತೇನೆ ಅಂದರು.

ಮಾರ್ಚ್ 16

ಹೊಸ ಮೀನು ಬಿಟ್ಟೆವು. ಆರು ತೊಟ್ಟಿ. ಮೂರಕ್ಕೆ ಮಾಮನ ಕೈಯಿಂದ ದಿನಕ್ಕೊಂದು ಹಿಡಿ, ಮೂರಕ್ಕೆ ಉಪವಾಸ. ಯಾವುದಕ್ಕೆ ಯಾವುದು — ಚೀಟಿ ಎತ್ತಿದೆ. ಮೂರನೇ ತೊಟ್ಟಿಗೆ ಉಪವಾಸ ಬಂತು. ಮಾಮ ನನ್ನನ್ನು ನೋಡಿದ ನೋಟ! ಬುತ್ತಿ ಎತ್ತಿಕೊಂಡು ಪಂಪ್‌ಹೌಸಿನ ಹಿಂದೆ ಹೋಗಿ ಕೂತರು. ತೊಟ್ಟಿ ಕಾಣದ ಕಡೆ ಮುಖ ಮಾಡಿ ಉಂಡರು.

ಮಾರ್ಚ್ 19

ಇವತ್ತೂ ಪಂಪ್‌ಹೌಸಿನ ಹಿಂದೆಯೇ. ಪಾಪ.

ಮಾರ್ಚ್ 22, ಮಧ್ಯಾಹ್ನ 1.30

ಮೇವು ತಿಂದ ಮೂರೂ ತೊಟ್ಟಿಯ ತೂಕ ಹಾಗೇ ಇದೆ. ಮೂರೂ! ಉಪವಾಸದವು ಇಳಿದಿವೆ. ಲೆಕ್ಕ ತಪ್ಪಿಲ್ಲ, ನಾಲ್ಕು ಸಲ ನೋಡಿದೆ.

ಈಗ ರುಚಿ. ಅಕ್ಕ ಕಣ್ಣು ಮುಚ್ಚಿಕೊಂಡು ತಿಂದರು. ನೇರ ಹೊಂಡದಿಂದ ಬಂದ ಮೀನಿನ ತಟ್ಟೆಯನ್ನು ಮೊದಲ ತುತ್ತಿಗೇ ದೂರ ತಳ್ಳಿದರು. ಉಳಿದ ಎರಡರಲ್ಲಿ ಯಾವುದು ಉಪವಾಸದ್ದು, ಯಾವುದು ಮೇವಿನದು... ಮತ್ತೆ ಮತ್ತೆ ತಿಂದರು. ಹೇಳಲಾಗಲಿಲ್ಲ. ಡ್ರೈವರಿಗೂ ಆಗಲಿಲ್ಲ. ಅಕ್ಕ ಒಂದು ತಟ್ಟೆ ಪೂರ್ತಿ ಖಾಲಿ ಮಾಡಿ, ಕೈ ತೊಳೆದು, ಆ ಹಿಡಿ ಹಾಕಿದವರು ಯಾರು ತೋರಿಸು ಅಂದರು.

ನೆಲದ ಮೇಲೆ ಕಾಲು ನಿಲ್ಲುತ್ತಿಲ್ಲ ನನಗೆ.

ಮಾರ್ಚ್ 24, 11.50, ಸಂಘದ ಹಾಲ್, ಕೊನೆಯ ಬೆಂಚು

ಮೂವತ್ತೊಂದು ಮಂದಿ ಸದಸ್ಯರು. ಹದಿನಾರು ಕೈ ಬೇಕು. ನಾನು ತೂಕದ ಚಾರ್ಟ್ ತೋರಿಸಿದೆ. ಆಮೇಲೆ ಅಕ್ಕ ಮಾಮನನ್ನು ಎದ್ದು ನಿಲ್ಲಿಸಿದರು. ಮೊದಲಿಂದ ಕೊನೆವರೆಗೆ ಹೇಳಿದರು ಮಾಮ, ಬೈಸಿಕೊಂಡದ್ದನ್ನೂ ಬಿಡದೆ. ಎಲ್ಲರೂ ನನ್ನ ಕಡೆ ತಿರುಗಿ ನಕ್ಕರು. ನಗಲಿ.

ಕೈ ಎತ್ತಿಸುತ್ತಿದ್ದಾರೆ. ಒಂಬತ್ತು. ಹನ್ನೆರಡು. ಹಿಂದಿನ ಸಾಲು ಪಿಸುಗುಟ್ಟುತ್ತಿದೆ... ಹದಿನಾಲ್ಕು. ಹದಿನೈದು. ಅಲ್ಲೇ ನಿಂತಿದೆ. ನಿಂತೇ ಇದೆ. ಅಯ್ಯೋ — ಎರಡು ಒಟ್ಟಿಗೆ ಬಂದವು. ಹದಿನೇಳು!

ಗೋಡೆಯ ಪಕ್ಕ ಮಾಮನೂ ಕೈ ಎತ್ತಿ ನಿಂತಿದ್ದಾರೆ, ಎಷ್ಟು ಎತ್ತರಕ್ಕೆ ಅಂದರೆ... ಅವರು ಸದಸ್ಯರಲ್ಲ, ಅವರಿಗೆ ವೋಟಿಲ್ಲ. ಯಾರಾದರೂ ಇಳಿಸಿ ಅಂದಾರು. ನಾನೇ ಹೋಗಿ ಮೆಲ್ಲಗೆ ಹೇಳಲೇ? ಇರು, ಅಕ್ಕ ಅವರ ಕಡೆ ಬೆರಳು ತೋರಿಸಿ, ಹದಿನೆಂಟು ಅಂತ—